ಆಸ್ಪತ್ರೆಗೆ ಸೇರಿಸಲೇಬೇಕಾ? ಮನೆ ಹತ್ತಿರದ ಮಾನಸಿಕ ಆರೈಕೆ ಬಗ್ಗೆ ಬೆಂಗಳೂರಿನ ಮನೆಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ನನ್ನ ತಮ್ಮನಿಗೆ 11 ವರ್ಷದಿಂದ ಸ್ಕಿಜೋಫ್ರೇನಿಯಾ ಇದೆ, ಇಲ್ಲದ ದನಿ ಕೇಳಿಸುವ, ಅನುಮಾನ ಕಾಡುವ ಮಾನಸಿಕ ಕಾಯಿಲೆ. ಇದೇ ತರಹದ ಕಷ್ಟ ಇರುವ ಒಂದಿಷ್ಟು ಮನೆಯವರು ತಿಂಗಳಿಗೊಂದು ಶನಿವಾರ ಸೇರಿ ಮಾತಾಡುತ್ತೇವೆ. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು. ಹೇಳಿ ಹೇಳಿ ಉತ್ತರ ಬಾಯಿಪಾಠ ಆಗಿದೆ, ಅದಕ್ಕೇ ಬರೆದಿಟ್ಟಿದ್ದೇನೆ. ಮಾತ್ರೆಯ ಡೋಸ್ ಎಷ್ಟು ಅಂತ ಇಲ್ಲಿ ಹುಡುಕಬೇಡಿ, ಅದನ್ನು ನಿಮ್ಮ ಡಾಕ್ಟರನ್ನೇ ಕೇಳಿ.

ಸಮುದಾಯ ಆರೈಕೆ ಅಂದರೆ ಏನು? ಆಸ್ಪತ್ರೆಗೆ ಸೇರಿಸದೆ ಮನೆಯಲ್ಲೇ ಇಟ್ಟುಕೊಳ್ಳುವುದಾ?

ಸುಮ್ನೆ ಮನೆಯಲ್ಲಿ ಇಟ್ಟುಕೊಂಡರೆ ಅದು ಆರೈಕೆ ಆಗುವುದಿಲ್ಲ. ಎಲ್ಲ ಭಾರ ಅಮ್ಮನ ತಲೆ ಮೇಲೆ ಬೀಳುತ್ತದೆ, ಅಷ್ಟೇ.

ಕಾಯಿಲೆ ಇರುವವರು ತಮ್ಮ ಮನೆ, ತಮ್ಮ ಬೀದಿಯಲ್ಲೇ ಇರಬೇಕು. ಅವರಿಗೆ ಬೇಕಾದದ್ದು ಅಲ್ಲಿಗೇ ಅಥವಾ ಅಲ್ಲಿಗೆ ಹತ್ತಿರಕ್ಕೇ ಬರಬೇಕು. ಕಷ್ಟ ಬಂದಾಗ ಫೋನ್ ಎತ್ತುವ ಒಬ್ಬರು, ಹತ್ತಿರದಲ್ಲೇ ಮಾತ್ರೆ ಬರೆದುಕೊಡುವ ಡಾಕ್ಟರ್, ಹಗಲು ಹೋಗಿ ಬರಲು ಒಂದು ಡೇ ಕೇರ್, ಮನೆಯವರಿಗೆ ತಿಳಿಸಿ ಹೇಳುವ ಸೋಶಿಯಲ್ ವರ್ಕರ್, ಸಾಧ್ಯವಾದರೆ ಒಂದು ಕೆಲಸ. ಇವೆಲ್ಲ ಸೇರಿದರೆ ಸಮುದಾಯ ಆರೈಕೆ.

ನನಗೆ ಅರ್ಥವಾದ ರೀತಿ ಹೀಗೆ. ಆಸ್ಪತ್ರೆಗೆ ಸೇರಿಸುವ ನಿರ್ಧಾರ ಸಾಮಾನ್ಯವಾಗಿ ಆಗುವುದು ರಾತ್ರಿ ಹನ್ನೊಂದು ಗಂಟೆಗೆ, ಅದೂ ಹೆದರಿದವರ ಕೈಯಲ್ಲಿ. ಆ ರಾತ್ರಿ ಬರದಿರಲಿ, ಬಂದರೂ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಗೊತ್ತಿರಲಿ ಅಂತ ಉಳಿದ ದಿನಗಳಲ್ಲಿ ಮಾಡುವ ಕೆಲಸವೆಲ್ಲ ಈ ಆರೈಕೆಗೆ ಸೇರುತ್ತದೆ.

ಹಾಗಾದರೆ ಆಸ್ಪತ್ರೆ ಬೇಡವೇ ಬೇಡ್ವಾ?

ಬೇಕು. ಊಟ ನೀರು ಬಿಟ್ಟು ಮರಗಟ್ಟಿದ ಹಾಗೆ ಕೂತಿದ್ದರೆ, ಜೀವ ತೆಗೆದುಕೊಳ್ಳುವ ಮಾತು ಗಟ್ಟಿಯಾಗಿ ಬರುತ್ತಿದ್ದರೆ, ಬೇರೆಯವರಿಗೆ ಅಪಾಯ ಆಗುವಂತಿದ್ದರೆ, ಕುಡಿತ ಏಕಾಏಕಿ ಬಿಟ್ಟು ಫಿಟ್ಸ್ ಬರುತ್ತಿದ್ದರೆ ಮನೆಯಲ್ಲಿ ನೋಡಿಕೊಳ್ಳುತ್ತೇವೆ ಅನ್ನುವ ಹಟ ಬೇಡ. ಕೆಲವು ಔಷಧಿ ಬದಲಾಯಿಸುವಾಗಲೂ ಕೆಲವು ದಿನ ಒಳಗಿದ್ದರೆ ಒಳ್ಳೆಯದು.

ಆದರೆ ಆಸ್ಪತ್ರೆಯಲ್ಲಿ ಕಳೆಯುವುದು ಎರಡೋ ಮೂರೋ ವಾರ. ಉಳಿದ ವರ್ಷ ಪೂರ್ತಿ ಮನೆಯಲ್ಲೇ ತಾನೇ? ಡಿಸ್ಚಾರ್ಜ್ ಆದ ಮೇಲೆ ಏನು ಅಂತ ಯಾರೂ ಯೋಚನೆ ಮಾಡದಿದ್ದರೆ ಅದೇ ವಾರ್ಡಿಗೆ ಮತ್ತೆ ಹೋಗುತ್ತೀರಿ. ನಾವು ಹೋಗಿದ್ದೇವೆ.

ಇವತ್ತು ರಾತ್ರಿಯೇ ತೊಂದರೆ ಆಗಿದೆ. ಈಗ ಏನು ಮಾಡಲಿ?

14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾಯಿತು. ಇಡೀ ದೇಶದ ಈ ಸೇವೆಗೆ ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರ. ಕಾಯಿಲೆ ಇರುವವರೇ ಮಾತಾಡಬೇಕು ಅಂತಿಲ್ಲ, ಮನೆಯವರೂ ಮಾಡಬಹುದು. ಜೀವಕ್ಕೆ ಅಪಾಯ ಅನ್ನಿಸಿದರೆ 108 ಅಥವಾ 112. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಎಮರ್ಜೆನ್ಸಿ ರಾತ್ರಿ ಹಗಲು ತೆರೆದಿರುತ್ತದೆ.

ಫೋನ್ ಮಾಡಿದ ಮೇಲೆ ಮನೆಯಲ್ಲಿ ಒಬ್ಬರೇ ಮಾತಾಡಿ. ನಾಲ್ಕು ಜನ ಸುತ್ತ ನಿಂತು ಬುದ್ಧಿ ಹೇಳಬೇಡಿ. ಟಿವಿ ಆರಿಸಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಮಾತ್ರೆ, ಚಾಕು ಕೈಗೆ ಸಿಗದ ಕಡೆ ಇಡಿ. ಅವರಿಗೆ ಕೇಳಿಸುವ ದನಿ ಸುಳ್ಳು ಅಂತ ವಾದ ಮಾಡಲು ಹೋಗಬೇಡಿ, ನಿಜ ಅಂತ ತಲೆಯಾಡಿಸಲೂ ಬೇಡಿ. "ನಂಗೆ ಕೇಳಿಸ್ತಿಲ್ಲ ಕಣೋ, ಆದ್ರೆ ನೀನು ಹೆದರಿದೀಯ ಅಂತ ಗೊತ್ತಾಗ್ತಿದೆ" ಅಂದರೆ ಸಾಕು. ಇದನ್ನು ನನಗೆ ಕಲಿಸಿದ್ದು ಒಬ್ಬ ನರ್ಸ್.

ನಮ್ಮ ಮೊದಲ ರಾತ್ರಿ ಇದ್ಯಾವುದೂ ಗೊತ್ತಿರಲಿಲ್ಲ. ನನ್ನ ತಮ್ಮ ರೂಮಿನ ಚಿಲಕ ಹಾಕಿಕೊಂಡಿದ್ದ. ಮಾವ ಬೀದಿಯ ಇಬ್ಬರು ಹುಡುಗರನ್ನು ಕರೆತಂದರು. ಚಿಲಕ ಮುರಿದರು. ಅವನ ಕೈಯನ್ನು ಅವನದೇ ಸ್ನಾನದ ಟವೆಲಿನಲ್ಲಿ ಕಟ್ಟಿದರು, ನೀಲಿ ಅಂಚಿನ ಟವೆಲ್. ಓಮ್ನಿಯಲ್ಲಿ ಹಾಕಿಕೊಂಡು ಒಂದು ಖಾಸಗಿ ಜಾಗಕ್ಕೆ ಬಿಟ್ಟು ಬಂದೆವು. ಅಲ್ಲಿ 19 ದಿನ. ಫೋನಿನಲ್ಲಿ ಮಾತಾಡಿಸಲು ಬಿಡಲಿಲ್ಲ. ಕೊನೆಗೆ ಏಳು ಮಾತ್ರೆಯ ಚೀಟಿ ಕೊಟ್ಟು ಕಳಿಸಿದರು. ಯಾವುದು ಯಾಕೆ, ಮುಂದೆ ಯಾರನ್ನು ನೋಡಬೇಕು ಅಂತ ಒಂದು ಮಾತಿಲ್ಲ. ಮೂರೇ ತಿಂಗಳಿಗೆ ಮತ್ತೆ ಅದೇ ಕಥೆ.

ಇವತ್ತಿಗೂ ಅವನು ಮಾವನ ಮನೆಗೆ ಹೋಗುವುದಿಲ್ಲ. ಮಾವ ಕೆಟ್ಟವರಲ್ಲ, ಪಾಪ. ಆ ರಾತ್ರಿ ಅವರಿಗೂ ಗೊತ್ತಿದ್ದದ್ದು ಅದೊಂದೇ ದಾರಿ.

ನಿಮ್ಹಾನ್ಸ್ ಅಂದರೆ ಹುಚ್ಚಾಸ್ಪತ್ರೆ ಅಲ್ವಾ? ಅಲ್ಲಿಗೆ ಹೋದರೆ ಹೆಸರು ಕೆಡುವುದಿಲ್ವಾ?

ಬೆಂಗಳೂರಿನಲ್ಲಿ "ನಿಮ್ಹಾನ್ಸಿಗೆ ಸೇರಿಸ್ಬೇಕು ನಿನ್ನ" ಅನ್ನುವುದು ಬೈಗುಳ. ಸಿನಿಮಾದಲ್ಲೂ ಅದೇ, ಕಚೇರಿಯಲ್ಲೂ ಅದೇ ಜೋಕು. ಇದರ ಬೇರು ಹಳೆಯದು. 1847ರಲ್ಲಿ ಪೇಟೆಯಲ್ಲಿ ಶುರುವಾದ ಹುಚ್ಚಾಸ್ಪತ್ರೆ 1930ರ ದಶಕದಲ್ಲಿ ಈಗಿನ ಜಾಗಕ್ಕೆ ಬಂತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿತು, 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಕಟ್ಟಡ, ಹೆಸರು, ಚಿಕಿತ್ಸೆ ಎಲ್ಲ ಬದಲಾದವು. ಬೈಗುಳ ಮಾತ್ರ ಹಾಗೇ ಉಳಿದಿದೆ.

ಅಲ್ಲಿಗೆ ದಿನಾ ಬರುವವರಲ್ಲಿ ಹೆಚ್ಚಿನವರು ಒಪಿಡಿಯಲ್ಲಿ ತೋರಿಸಿಕೊಂಡು ಸಂಜೆ ಮನೆಗೆ ಹೋಗುವವರು. ಪಾರ್ಶ್ವವಾಯು, ಫಿಟ್ಸ್, ತಲೆಗೆ ಪೆಟ್ಟು ಅಂತ ಬರುವವರೂ ಬೇಕಾದಷ್ಟು. ಆ ಗೇಟಿನೊಳಗೆ ಹೋಗುವುದೇ ಕಷ್ಟ ಅನ್ನಿಸಿದರೆ ಬಿಟಿಎಂ ಲೇಔಟಿನಲ್ಲಿ ಅವರದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ. ನೋಡಿದರೆ ಆಸ್ಪತ್ರೆ ಅನ್ನಿಸುವುದಿಲ್ಲ. ಮಾತಾಡಿ ಸಲಹೆ ಪಡೆಯಬೇಕು ಅನ್ನುವವರಿಗೆ ಅದು ಸರಿ.

ಇದೆಲ್ಲ ಫಾರಿನ್ ಐಡಿಯಾ. ನಮ್ಮಲ್ಲಿ ನಡೆಯುತ್ತಾ?

ಈ ಪ್ರಶ್ನೆ ಕೇಳಿದಾಗ ನನಗೆ ಸ್ವಲ್ಪ ನಗು ಬರುತ್ತದೆ. ನಡೆದಿರುವುದೇ ನಮ್ಮಲ್ಲಿ!

1975ರಲ್ಲಿ ನಿಮ್ಹಾನ್ಸ್ ಸಮುದಾಯ ಮನೋವೈದ್ಯಕೀಯಕ್ಕೆ ಅಂತಲೇ ಒಂದು ಘಟಕ ಮಾಡಿತು. ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಕೇಂದ್ರ ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ಮಾನಸಿಕ ಕಾಯಿಲೆ ಗುರುತಿಸಿ ಮಾತ್ರೆ ಕೊಡುವುದನ್ನು ಕಲಿಸಬಹುದಾ ಅಂತ ನೋಡಿದರು. ಕಲಿಸಬಹುದು ಅಂತ ಗೊತ್ತಾಯಿತು. 1985ರಿಂದ ಅದನ್ನೇ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯಿತು. ದೆಹಲಿಯಿಂದ ಬಳ್ಳಾರಿಗೆ ಬಂದ ಯೋಜನೆಗಳು ಎಷ್ಟೋ ಇವೆ. ಬಳ್ಳಾರಿಯಿಂದ ದೆಹಲಿಗೆ ಹೋದದ್ದು ಇದು.

ಇನ್ನೂ ಹಿಂದೆ, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ರೋಗಿಗಳ ಮನೆಯವರನ್ನು ಆವರಣದೊಳಗೇ ಟೆಂಟು ಹಾಕಿ ಉಳಿಸಿಕೊಂಡರು. ಅಮ್ಮ, ಅಣ್ಣ ಪಕ್ಕದಲ್ಲಿದ್ದರೆ ರೋಗಿ ಬೇಗ ಮನೆಗೆ ಹೋಗುತ್ತಾನೆ ಅನ್ನುವುದು ಅಲ್ಲಿ ಕಂಡಿತು. ಮನೆಯವರನ್ನು ಹೊರಗೆ ನಿಲ್ಲಿಸದೆ ಜೊತೆಗೆ ಇರಿಸಿಕೊಳ್ಳುವ ಅಭ್ಯಾಸ ಆಮೇಲೆ ನಿಮ್ಹಾನ್ಸ್ ವಾರ್ಡುಗಳಿಗೂ ಬಂತು. ನಮ್ಮ ತಮ್ಮನ ಜೊತೆ ಅಮ್ಮ ಅಲ್ಲಿ ಹನ್ನೆರಡು ದಿನ ಇದ್ದಳು. ಮೊದಲ ಸಲದ 19 ದಿನಕ್ಕೂ ಈ ಹನ್ನೆರಡು ದಿನಕ್ಕೂ ಇದ್ದ ವ್ಯತ್ಯಾಸ ಅವಳನ್ನೇ ಕೇಳಬೇಕು.

ಹೊರದೇಶದವರೂ ಸುಮ್ಮನೆ ಕೂತಿಲ್ಲ. ಇಟಲಿ 1978ರಲ್ಲಿ ಕಾನೂನು ಮಾಡಿ ಹುಚ್ಚಾಸ್ಪತ್ರೆಗಳನ್ನೇ ಮುಚ್ಚುತ್ತಾ ಬಂತು. ಅದಕ್ಕೆ ಹಿಂದೆ ನಿಂತವರು ಫ್ರಾಂಕೋ ಬಸಾಲಿಯಾ ಅನ್ನುವ ಡಾಕ್ಟರ್. ಟ್ರಿಯೆಸ್ಟೆ ಊರಿನಲ್ಲಿ ಅದರ ಬದಲಿಗೆ ಬಡಾವಣೆಗೊಂದರಂತೆ ಕೇಂದ್ರಗಳಾದವು. ಬೆಲ್ಜಿಯಂನ ಗೀಲ್ ಅನ್ನುವ ಊರಿನಲ್ಲಿ ನೂರಾರು ವರ್ಷಗಳಿಂದ ಊರಿನ ಮನೆಗಳೇ ಇಂಥವರನ್ನು ತಮ್ಮ ಜೊತೆ ಇರಿಸಿಕೊಳ್ಳುತ್ತಿವೆ. ಆದರೆ ಅಮೆರಿಕದಲ್ಲಿ ದೊಡ್ಡ ಆಸ್ಪತ್ರೆಗಳನ್ನು ಮುಚ್ಚಿದ ವೇಗದಲ್ಲಿ ಹೊರಗಿನ ಸೇವೆಗಳು ಹುಟ್ಟಲಿಲ್ಲ. ಎಷ್ಟೋ ಜನ ಬೀದಿಗೂ ಜೈಲಿಗೂ ಸೇರಿದರು. ಅದನ್ನೂ ಮರೆಯಬಾರದು.

ಬೆಂಗಳೂರಿನಲ್ಲಿ ಏನೇನು ಸಿಗುತ್ತದೆ?

ಡೇ ಕೇರ್: ಬೆಳಿಗ್ಗೆ ಹೋಗಿ ಸಂಜೆ ಬರುವುದು. ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಇದೆ. ಅಲ್ಲಿ ಬೇಕರಿ ಇದೆ, ರೋಸಸ್ ಅಂತ ಕೆಫೆ ಇದೆ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಅಲ್ಲಿ ಕೆಲಸ ಮಾಡುತ್ತಾರೆ. ಆ ಕಡೆ ಹೋದರೆ ಒಂದು ಕಾಫಿ ಕುಡಿದು ಬನ್ನಿ, ಉಪದೇಶಕ್ಕಿಂತ ವಾಸಿ.

ಹಾಫ್‌ವೇ ಹೋಮ್: ಆಸ್ಪತ್ರೆಗೂ ಮನೆಗೂ ನಡುವಿನ ಜಾಗ. ಕೆಲವು ತಿಂಗಳು ಇದ್ದು ಅಡುಗೆ, ಬಟ್ಟೆ, ಬಸ್ಸು, ದುಡ್ಡಿನ ಲೆಕ್ಕ ಮತ್ತೆ ಕಲಿಯುವುದು. ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್, ರಿಚ್‌ಮಂಡ್ ಫೆಲೋಶಿಪ್ ಸೊಸೈಟಿ ಈ ಊರಿನಲ್ಲಿ ಬಹಳ ವರ್ಷಗಳಿಂದ ಈ ಕೆಲಸ ಮಾಡುತ್ತಿವೆ. ಖಾಸಗಿಯವು ಬೇಕಾದಷ್ಟಿವೆ, ಬೆಲೆ ಹೇಗೆ ಬೇಕೋ ಹಾಗೆ. ಸೇರಿಸುವ ಮೊದಲು ಮೂರು ವಿಷಯ ನೋಡಿ. ಪರವಾನಗಿ ಇದೆಯಾ? ಮನೆಯವರು ಯಾವಾಗ ಬೇಕಾದರೂ ಬಂದು ನೋಡಬಹುದಾ? ಅಡುಗೆಮನೆ ತೋರಿಸುತ್ತಾರಾ? ಅಡುಗೆಮನೆ ತೋರಿಸದ ಜಾಗದಲ್ಲಿ ನಾನಂತೂ ಯಾರನ್ನೂ ಬಿಡುವುದಿಲ್ಲ.

ಊರ ಕಡೆಯವರಿಗೆ: ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಜಿಲ್ಲೆಗಳಲ್ಲಿ ಮಾನಸಧಾರಾ ಡೇ ಕೇರ್ ಕೇಂದ್ರಗಳಿವೆ. ಮಾಗಡಿಯಿಂದಲೋ ಕನಕಪುರದಿಂದಲೋ ಬರೀ ಮಾತ್ರೆ ಬರೆಸಿಕೊಳ್ಳಲು ನಸುಕಿನ ಬಸ್ಸು ಹಿಡಿಯುವವರು ಮೊದಲು ಅಲ್ಲಿ ವಿಚಾರಿಸಿ.

ಇಷ್ಟಿದ್ದೂ ಸಾಲದು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ, ಮಾನಸಿಕ ಕಾಯಿಲೆ ಇರುವ ನೂರು ಜನರಲ್ಲಿ, ಕಾಯಿಲೆಗೆ ತಕ್ಕಂತೆ, 70ರಿಂದ 92 ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲ. ಮನೆ ಬಾಗಿಲಿಗೆ ಬರುವ ತಂಡ ನಮ್ಮ ಬಡಾವಣೆಗೆ ಬಂದದ್ದು ನಾನು ಕಂಡಿಲ್ಲ. ಇರುವುದನ್ನು ನಾವೇ ಹೊಲಿದುಕೊಳ್ಳಬೇಕು. ಕೌದಿ ಹೊಲಿದ ಹಾಗೆ, ಒಂದು ತುಂಡು ಅಲ್ಲಿಂದ, ಒಂದು ಇಲ್ಲಿಂದ.

ಒಪ್ಪಿಗೆ ಇಲ್ಲದೆ ಆಸ್ಪತ್ರೆಗೆ ಸೇರಿಸಬಹುದಾ?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಬಂತು, 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ತಾವಾಗಿಯೇ ಬಂದು ಸೇರುವುದೇ ಮಾಮೂಲಿ ದಾರಿ. ಹಾಗೆ ಬಂದವರು ಹೋಗುತ್ತೇನೆ ಅಂದರೆ ಬಿಡಬೇಕು. ಡಾಕ್ಟರಿಗೆ ಅಪಾಯದ ಅನುಮಾನ ಇದ್ದರೆ ಮಾತ್ರ ಪರೀಕ್ಷೆಗೆ ಅಂತ 24 ಗಂಟೆ ತಡೆಯಬಹುದು.

ಒಪ್ಪದವರನ್ನು ಸೇರಿಸಲು 89ನೇ ಸೆಕ್ಷನ್ ಇದೆ. ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು, ಅದರಲ್ಲಿ ಒಬ್ಬರು ಮನೋವೈದ್ಯರು. ತನಗೋ ಬೇರೆಯವರಿಗೋ ಅಪಾಯ ಇದೆ, ಅಥವಾ ತನ್ನನ್ನು ತಾನು ನೋಡಿಕೊಳ್ಳುವ ಸ್ಥಿತಿಯಲ್ಲೇ ಇಲ್ಲ, ಇದಕ್ಕಿಂತ ಕಡಿಮೆ ಕಟ್ಟುಪಾಡಿನ ದಾರಿಯೂ ಇಲ್ಲ ಅನ್ನುವುದು ಇಬ್ಬರಿಗೂ ಕಾಣಬೇಕು. ಗರಿಷ್ಠ 30 ದಿನ. ರೋಗಿಗಳ ಹಕ್ಕು ನೋಡಿಕೊಳ್ಳಲು ಈ ಕಾಯ್ದೆಯಲ್ಲೇ ಇರುವ ರಿವ್ಯೂ ಬೋರ್ಡಿಗೆ 7 ದಿನದೊಳಗೆ ತಿಳಿಸಬೇಕು, ಹೆಂಗಸರ ಮತ್ತು ಮಕ್ಕಳ ವಿಷಯದಲ್ಲಿ 3 ದಿನ. ಸೇರಿದವರು ಬೋರ್ಡಿಗೆ ದೂರು ಕೊಡಬಹುದು. ವಕೀಲರ ಸಹಾಯ ಪುಕ್ಕಟೆ.

ಸರಪಳಿ ಹಾಕುವುದು ಯಾವ ಕಾರಣಕ್ಕೂ ಇಲ್ಲ. ಅರಿವಳಿಕೆ ಕೊಡದೆ ಚಿಕಿತ್ಸೆಗೆ ಅಂತ ತಲೆಗೆ ಕರೆಂಟ್ ಕೊಡುವುದೂ ಇಲ್ಲ. ಬೀದಿಯಲ್ಲಿ ಅಲೆಯುವವರನ್ನು ಪೊಲೀಸರು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಆಸ್ಪತ್ರೆಗೆ ಕರೆದೊಯ್ಯಬೇಕು.

ನನಗೆ ಇಷ್ಟವಾದದ್ದು 19ನೇ ಸೆಕ್ಷನ್. ಎಲ್ಲರ ಹಾಗೆ ಸಮಾಜದ ನಡುವೆ ಬದುಕುವುದು ಹಕ್ಕು ಅನ್ನುತ್ತದೆ. ಮನೆಯವರು ಕರೆದುಕೊಂಡು ಹೋಗುತ್ತಿಲ್ಲ, ಇರಲು ಮನೆ ಇಲ್ಲ, ಹೊರಗೆ ಸೌಲಭ್ಯ ಇಲ್ಲ ಅನ್ನುವ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಬಾರದು. ಸೌಲಭ್ಯ ಇಲ್ಲದಿದ್ದರೆ ಸರ್ಕಾರ ಮಾಡಿಕೊಡಬೇಕು. ಕಾಗದದ ಮೇಲೆ ಬಹಳ ಚೆನ್ನಾಗಿದೆ.

ಮುಂಗಡ ನಿರ್ದೇಶನ ಅಂದರೇನು?

ಚೆನ್ನಾಗಿರುವಾಗಲೇ, "ನನಗೆ ಕಾಯಿಲೆ ಜಾಸ್ತಿ ಆದರೆ ಹೀಗೆ ನೋಡಿಕೊಳ್ಳಿ, ಹೀಗೆ ಬೇಡ" ಅಂತ ಬರೆದಿಡುವುದು. ನನ್ನ ಪರವಾಗಿ ಮಾತಾಡುವವರು ಇವರು ಅಂತ ಒಬ್ಬರ ಹೆಸರನ್ನೂ ಬರೆಯಬಹುದು. ಅದು ಅಪ್ಪನೇ ಆಗಬೇಕು, ಗಂಡನೇ ಆಗಬೇಕು ಅಂತಿಲ್ಲ, 18 ದಾಟಿದ ಯಾರಾದರೂ ಸರಿ. ಸದ್ಯದ ತುರ್ತು ಚಿಕಿತ್ಸೆಗೆ ಈ ಪತ್ರ ಅಡ್ಡ ಬರುವುದಿಲ್ಲ. ರಿವ್ಯೂ ಬೋರ್ಡಿನಲ್ಲಿ ನೋಂದಾಯಿಸಬೇಕು.

ನನ್ನ ತಮ್ಮನಿಗೆ ಒಂದು ನೋಟ್‌ಬುಕ್ ಹಾಳೆ ಕೊಟ್ಟು ಬರಿ ಅಂದೆ. ಮೂರು ಸಾಲು ಬರೆದ. ಟವೆಲ್ ಬೇಡ. ಅಕ್ಕ ಬರಲಿ, ಮಾವ ಬೇಡ. ಇಂತಹ ಮಾತ್ರೆ ಕೊಟ್ಟರೆ ನಾಲಿಗೆ ದಪ್ಪ ಆಗುತ್ತದೆ, ಅದು ಬೇಡ. ಆ ಮೂರನೆಯದನ್ನು ಅವನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ನಾವು ಯಾರೂ ಕೇಳಿರಲಿಲ್ಲ.

ಮಾತ್ರೆ ನುಂಗಲ್ಲ ಅಂತಾನೆ. ಊಟದಲ್ಲಿ ಬೆರೆಸಿ ಕೊಡಬಹುದಾ?

ನಮ್ಮ ಗುಂಪಿನಲ್ಲಿ ಎಲ್ಲರೂ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಇದು. ಅರ್ಧ ಮನೆಗಳು ಮಾಡಿಯೂ ಇವೆ.

ನಮ್ಮಮ್ಮನೂ ಮಾಡಿದಳು. ಒರಳುಕಲ್ಲಿನ ಗುಂಡಿನಲ್ಲಿ ಮಾತ್ರೆ ಪುಡಿ ಮಾಡಿ ಸಾರಿಗೆ ಹಾಕುತ್ತಿದ್ದಳು. ಅವನ ತಟ್ಟೆಗೆ ಮಾತ್ರ ಬೇರೆ ಸೌಟು. ಎರಡು ತಿಂಗಳು ನಡೆಯಿತು, ಅವನೂ ಸ್ವಲ್ಪ ಶಾಂತನಾದ. ಒಂದು ದಿನ ಸಾರಿನ ತಳದಲ್ಲಿ ಕರಗದ ಬಿಳಿ ಚೂರು ಸಿಕ್ಕಿತು. ಅವನು ಕೂಗಾಡಲಿಲ್ಲ. ಬೆರಳ ತುದಿಯಲ್ಲಿ ಅದನ್ನು ತೆಗೆದು ತಟ್ಟೆಯ ಅಂಚಿಗೆ ಇಟ್ಟು ಎದ್ದು ಹೋದ. ಆಮೇಲೆ ಎಂಟು ತಿಂಗಳು ಮನೆಯಲ್ಲಿ ಅನ್ನ ಮುಟ್ಟಲಿಲ್ಲ. ಮೂರು ಹೊತ್ತೂ ದರ್ಶಿನಿಯಲ್ಲಿ ಇಡ್ಲಿ, ಅನ್ನ ಸಾಂಬಾರ್. ಊಟದಲ್ಲಿ ಏನೋ ಹಾಕುತ್ತಾರೆ ಅನ್ನುವುದು ಅವನ ಕಾಯಿಲೆಯ ಅನುಮಾನ ಆಗಿತ್ತು. ನಾವು ಅದನ್ನು ನಿಜ ಮಾಡಿ ತೋರಿಸಿದೆವು.

ಹಾಗಾಗಿ ನನ್ನ ಉತ್ತರ, ಬೇಡ. ಬದಲಿಗೆ ಯಾಕೆ ಬೇಡ ಅನ್ನುತ್ತಿದ್ದಾರೆ ಕೇಳಿ. ಮೈ ಭಾರ, ಬೆಳಿಗ್ಗೆ ಏಳಲಾಗದ ನಿದ್ದೆ, ಕೈ ನಡುಕ, ತೂಕ, ಮದುವೆಯಾದವರಿಗೆ ಹೇಳಿಕೊಳ್ಳಲಾಗದ ತೊಂದರೆಗಳು. ಇವು ಸೋಮಾರಿತನದ ನೆಪಗಳಲ್ಲ. ಡಾಕ್ಟರಿಗೆ ಹೇಳಿದರೆ ಮಾತ್ರೆ ಬದಲಾಯಿಸುತ್ತಾರೆ, ಹೊತ್ತು ಬದಲಾಯಿಸುತ್ತಾರೆ. ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ ಇದೆ, ದಿನಾ ನೆನಪಿಸುವ ಜಗಳ ತಪ್ಪುತ್ತದೆ. ಕ್ಲೋಜಪಿನ್, ಲಿಥಿಯಂ ತರಹದ ಮಾತ್ರೆಗಳಿಗೆ ಹೇಳಿದ ಹಾಗೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಚೆನ್ನಾಗಿದ್ದೀನಲ್ಲ ಅಂತ ತಾವೇ ನಿಲ್ಲಿಸುವುದು ಮಾತ್ರ ಅಪಾಯ. ನಿಲ್ಲಿಸಿದ ವಾರದಲ್ಲೇ ಎಷ್ಟೋ ಸಲ ಏನೂ ಆಗುವುದಿಲ್ಲ, ಅದೇ ಮೋಸ.

ಇನ್ನೊಂದು ಮಾತು. ಯಾವಾಗಲೂ ತಪ್ಪು ಹುಡುಕುವ, ಬೈಯುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ. ಇದು ಎಷ್ಟೋ ದೇಶಗಳ ಅಧ್ಯಯನಗಳಲ್ಲಿ ಕಂಡದ್ದು. ಬೈಯದೆ ಇರುವುದೂ ಒಂದು ಔಷಧಿ. ಕಹಿ ಔಷಧಿ, ಅದನ್ನು ನುಂಗಬೇಕಾದವರು ನಾವು.

ದೇವಸ್ಥಾನ, ದರ್ಗಾ, ಮಂತ್ರ?

ಹೋಗಿ, ತೀರ್ಥ ತಗೊಳ್ಳಿ, ತಾಯಿತ ಕಟ್ಟಿಸಿ. ಮಾತ್ರೆ ನಿಲ್ಲಿಸಿ ಅಂದರೆ ಕೇಳಬೇಡಿ. ಕಟ್ಟಿಹಾಕಿ ಬಿಟ್ಟು ಹೋಗಿ ಅಂದರೆ ತಕ್ಷಣ ಎದ್ದು ಬನ್ನಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ದರ್ಗಾದ ಹತ್ತಿರ ಇದ್ದ ಇಂಥದ್ದೊಂದು ಶೆಡ್ಡಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರಿಗೆ ಓಡಲಾಗಲಿಲ್ಲ. 28 ಜನ ಸತ್ತರು.

ಮದುವೆ ಮಾಡಿದರೆ ಸರಿ ಹೋಗುತ್ತಾ?

ಇಲ್ಲ. ಹುಡುಗಿ ಮನೆಯವರಿಗೆ ಮುಚ್ಚಿಟ್ಟರೆ ಇಬ್ಬರ ಬಾಳೂ ಹಾಳು. ಎಲ್ಲ ಹೇಳಿ, ಇಬ್ಬರೂ ಒಪ್ಪಿ ಆದ ಮದುವೆಗಳು ಚೆನ್ನಾಗಿ ನಡೆದಿರುವುದನ್ನೂ ಕಂಡಿದ್ದೇನೆ.

ಖರ್ಚು ಎಷ್ಟು? ಇನ್ಶೂರೆನ್ಸ್ ಬರುತ್ತಾ?

ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದರೆ ಕಡಿಮೆ, ಬಡವರಿಗೆ ಹೆಚ್ಚಿನದು ಉಚಿತ. ಮೈ ಕಾಯಿಲೆಗೆ ಕೊಡುವ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತ 2017ರ ಕಾಯ್ದೆಯೇ ಹೇಳುತ್ತದೆ. ಆದರೆ ಪಾಲಿಸಿಗಳು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದರೆ ದುಡ್ಡು ಕೊಡುತ್ತವೆ. ಮಲಗದ ಹಾಗೆ ನೋಡಿಕೊಳ್ಳುವ ಡೇ ಕೇರಿಗೆ, ಕೌನ್ಸೆಲಿಂಗಿಗೆ ಕೈಯಿಂದಲೇ ಹಾಕಬೇಕು. ಎಂಥ ತಮಾಷೆ ಅಲ್ವಾ?

ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅಂಗವೈಕಲ್ಯ 40 ಪರ್ಸೆಂಟ್ ಮತ್ತು ಮೇಲ್ಪಟ್ಟು ಇದ್ದರೆ ಪಿಂಚಣಿ ತರಹದ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಆ ಪರ್ಸೆಂಟ್ ಅಳೆಯುವ ಪರೀಕ್ಷೆಗೆ ಹೋದ ದಿನ ನನ್ನ ತಮ್ಮ ಇಸ್ತ್ರಿ ಶರ್ಟ್ ಹಾಕಿ ನೀಟಾಗಿ ಕೂತಿದ್ದ. ಎಲ್ಲದಕ್ಕೂ "ಪರವಾಗಿಲ್ಲ ಸರ್" ಅಂದ. ನಿಜವಾದ ಕಷ್ಟದ ದಿನಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.

ಅಕ್ಕಪಕ್ಕದವರಿಗೆ ಹೇಳಬೇಕಾ?

ಎಲ್ಲರಿಗೂ ಬೇಡ. ಇಬ್ಬರಿಗೆ ಸಾಕು, ಅದೂ ತಮ್ಮನನ್ನು ಕೇಳಿಯೇ. ನಾವು ಹೇಳಿದ್ದು ಎದುರು ಮನೆಯ ಆಂಟಿಗೆ ಮತ್ತು ಮೂಲೆಯ ಪ್ರಾವಿಷನ್ ಸ್ಟೋರಿನವರಿಗೆ. ಒಮ್ಮೆ ತಮ್ಮ ರಾತ್ರಿ ನಿದ್ದೆ ಬಾರದೆ ಬೀದಿಯಲ್ಲಿ ಸುತ್ತುತ್ತಿದ್ದಾಗ ಅಂಗಡಿಯವರು ಶಟರ್ ಅರ್ಧ ಎಳೆದು, "ಬಾರಪ್ಪಾ, ಒಳಗೆ ಕೂತ್ಕೋ, ಲೆಕ್ಕ ಮುಗ್ಸಿ ಒಟ್ಟಿಗೆ ಹೋಗೋಣ" ಅಂತ ಕೂರಿಸಿಕೊಂಡು ನನಗೆ ಮೆಸೇಜ್ ಹಾಕಿದರು. ಸಮುದಾಯ ಆರೈಕೆ ಅಂತ ಯಾರಾದರೂ ಭಾಷಣ ಮಾಡಿದರೆ ನನಗೆ ಕಾಣುವುದು ಆ ಅರ್ಧ ಶಟರ್.

ಬಾಡಿಗೆ ಮನೆ ಓನರಿಗೆ ನಾವು ಹೇಳಿರಲಿಲ್ಲ. ಹೇಗೋ ಗೊತ್ತಾಗಿ ಖಾಲಿ ಮಾಡಿಸಿದರು. ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ.

ಕೆಲಸಕ್ಕೆ ಹೋಗಬಹುದಾ?

ಹೋಗಬಹುದು, ಹೋಗುತ್ತಿದ್ದಾರೆ. ಪೂರ್ತಿ ವಾಸಿಯಾದ ಮೇಲೆ ಕಳಿಸೋಣ ಅಂತ ಕಾಯಬೇಡಿ, ಕೆಲಸವೂ ವಾಸಿ ಮಾಡುತ್ತದೆ. ದಿನಕ್ಕೆ ಎರಡು ಗಂಟೆಯಿಂದ ಶುರು ಮಾಡಿ. ರಾತ್ರಿ ಪಾಳಿ ಬೇಡ, ನಿದ್ದೆ ಕೆಟ್ಟರೆ ಎಲ್ಲ ಕೆಡುತ್ತದೆ. ತಮ್ಮ ಈಗ ಒಂದು ಜೆರಾಕ್ಸ್ ಅಂಗಡಿಯಲ್ಲಿ ಹತ್ತರಿಂದ ಎರಡರವರೆಗೆ ಇರುತ್ತಾನೆ. ದನಿಗಳು ಪೂರ್ತಿ ಹೋಗಿಲ್ಲ. ಮೆಷಿನ್ ಓಡುವಾಗ ಕೇಳಿಸುವುದಿಲ್ಲ ಅನ್ನುತ್ತಾನೆ.

ನಮ್ಮ ಕಾಲ ಆದ ಮೇಲೆ ಯಾರು ನೋಡಿಕೊಳ್ಳುತ್ತಾರೆ?

ಎಲ್ಲ ಪ್ರಶ್ನೆಗಳ ಒಳಗೂ ಇರುವ ಪ್ರಶ್ನೆ ಇದು. ಅಪ್ಪ ಅಮ್ಮಂದಿರು ಕೊನೆಗೆ, ಚಪ್ಪಲಿ ಹಾಕಿಕೊಳ್ಳುತ್ತಾ ಕೇಳುತ್ತಾರೆ.

ಚೆನ್ನೈನಲ್ಲಿ ಬ್ಯಾನ್ಯನ್ ಅನ್ನುವ ಸಂಸ್ಥೆ ಹೋಮ್ ಅಗೇನ್ ಅಂತ ಒಂದು ಕೆಲಸ ಮಾಡುತ್ತಿದೆ. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದುಹೋದವರು ನಾಲ್ಕೈದು ಜನ ಸೇರಿ ಮಾಮೂಲಿ ಬೀದಿಯ ಮಾಮೂಲಿ ಬಾಡಿಗೆ ಮನೆಯಲ್ಲಿ ಇರುತ್ತಾರೆ, ಸಹಾಯಕ್ಕೆ ಒಬ್ಬರು ಇರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಒಳ್ಳೆಯ ಮಾದರಿ ಅಂತ ಎತ್ತಿ ತೋರಿಸಿತು. ಅಂಥ ಮನೆಗಳು ಬೆಂಗಳೂರಿನ ಪ್ರತಿ ವಾರ್ಡಿನಲ್ಲೂ ಬೇಕು. ನಮ್ಮ ಗುಂಪು ಕಾರ್ಪೊರೇಷನ್ನಿನವರನ್ನು ಕೇಳುತ್ತಲೇ ಇದೆ.

ಅಲ್ಲಿಯವರೆಗೆ ಮಾಡಬಹುದಾದದ್ದು: ಬ್ಯಾಂಕ್ ಖಾತೆ ಅವರ ಹೆಸರಿನಲ್ಲೇ ಇರಲಿ, ಎಟಿಎಂ ಕಲಿಸಿ. ವಿಲ್ ಬರೆಸುವಾಗ ಟ್ರಸ್ಟ್ ಮಾಡುವ ಬಗ್ಗೆ ವಕೀಲರನ್ನು ಕೇಳಿ. ಆಸ್ಪತ್ರೆಯ ಫೈಲಿನ ಇನ್ನೊಂದು ಪ್ರತಿ ತಂಗಿಯ ಮನೆಯಲ್ಲೋ ಗೆಳೆಯನ ಮನೆಯಲ್ಲೋ ಇಡಿ. ಅನ್ನ ಮಾಡುವುದು, ಗ್ಯಾಸ್ ಬುಕ್ ಮಾಡುವುದು, ಮಾತ್ರೆ ಜೋಡಿಸಿಕೊಳ್ಳುವುದು ಅವರೇ ಮಾಡಲಿ, ನಿಧಾನ ಆದರೂ ಸರಿ.

ನಮ್ಮಲ್ಲಿ ಏಳು ದಿನಕ್ಕೆ ಏಳು ಮನೆ ಇರುವ ಪ್ಲಾಸ್ಟಿಕ್ ಡಬ್ಬಿ ಇದೆ. ಭಾನುವಾರ ಸಂಜೆ ತಮ್ಮ ಡೈನಿಂಗ್ ಟೇಬಲ್ ಮೇಲೆ ಪೇಪರ್ ಹಾಸಿ, ಚೀಟಿ ನೋಡಿ, ಒಂದೊಂದೇ ಮಾತ್ರೆ ತುಂಬುತ್ತಾನೆ. ಅಮ್ಮ ಎದುರಿಗೆ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಾಳೆ. ಮೊದಲೆಲ್ಲ ಕಣ್ಣು ಸೊಪ್ಪಿನ ಮೇಲೆ, ಲೆಕ್ಕ ಮಾತ್ರೆ ಮೇಲೆ ಇರುತ್ತಿತ್ತು. ಹೋದ ವಾರ ಅವನು "ಬುಧವಾರದ್ದು ಒಂದು ಕಮ್ಮಿ ಇದೆ ನೋಡಮ್ಮಾ" ಅಂದಾಗ ಅವಳು ತಲೆ ಎತ್ತಲಿಲ್ಲ. "ನೀನೇ ನೋಡ್ಕೊಳೋ" ಅಂದಳು.